ಗಾಂಧೀಜಿ ಹಲ್ಲು ಕಟ್ಟಿಸಿಕೊಂಡಿರಲಿಲ್ಲವೇ? ಬೊಚ್ಚು ನಗುವಿನ ಹಿಂದಿನ ಸತ್ಯ

ಗಾಂಧೀಜಿಯ ಬೊಚ್ಚುಬಾಯಿ ನಗುವಿನ ಚಿತ್ರ ನಮ್ಮೆಲ್ಲರ ಫೋನಿಗೂ ಒಂದಲ್ಲ ಒಂದು ಸಲ ಬಂದಿರುತ್ತದೆ. ಅದನ್ನು ನೋಡಿದರೆ ಅವರು ಹಲ್ಲು ಕಟ್ಟಿಸಿಕೊಳ್ಳಲೇ ಇಲ್ಲ ಅನ್ನಿಸುವುದು ಸಹಜ. ಅಂಥವರೇ ಹಾಗಿದ್ದರು, ಈ ಪ್ರಾಯದಲ್ಲಿ ನಮಗೇಕೆ ಹಲ್ಲು ಎಂದು ಗಂಜಿಯಲ್ಲೇ ದಿನ ದೂಡುವ ಅಜ್ಜ-ಅಜ್ಜಿಯರು ಪುತ್ತೂರು, ಸುಳ್ಯ, ಕಡಬದಲ್ಲೂ ಇದ್ದಾರೆ.

ನಿಜವೇನು? ಗಾಂಧೀಜಿ ಹಲ್ಲಿನ ಸೆಟ್ಟು ಬಳಸುತ್ತಿದ್ದರು. ಊಟಕ್ಕೆ ಹಾಕಿಕೊಂಡು, ಊಟವಾದ ಮೇಲೆ ತೆಗೆದಿಡುತ್ತಿದ್ದರು. ಹಾಗಾಗಿಯೇ ಚಿತ್ರಗಳಲ್ಲಿ ಅದು ಕಾಣುವುದಿಲ್ಲ.

ಪೋರಬಂದರಿನಿಂದ ಪುತ್ತೂರಿಗೆ

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು 1888ರಲ್ಲಿ ವಕೀಲಿ ಕಲಿಯಲು ಲಂಡನ್ನಿಗೆ, 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದರು. 1908ರಲ್ಲಿ ಜೊಹಾನ್ಸ್‌ಬರ್ಗಿನ ಬೀದಿಯಲ್ಲಿ ಅವರ ಮೇಲೆ ಹಲ್ಲೆಯಾಯಿತು. ಮೇಲ್ದುಟಿಗೆ ಹೊಲಿಗೆ ಹಾಕಬೇಕಾಯಿತು. 1915ರಲ್ಲಿ ಭಾರತಕ್ಕೆ ಮರಳಿದರು. ಕಾಯಿಲೆಯಿಂದ ಸೊರಗಿದ್ದಾಗ, ಕಸ್ತೂರಬಾ ಸೂಚಿಸಿದಂತೆ 1919ರಿಂದ ಆಡಿನ ಹಾಲು ಕುಡಿಯತೊಡಗಿದರು. ಹಾಲು, ಹಣ್ಣು, ಖರ್ಜೂರ, ಬೇಯಿಸಿದ ತರಕಾರಿ ಅವರ ಊಟ. ಆದರೂ ಆಹಾರವನ್ನು ಚೆನ್ನಾಗಿ ಅಗಿದು ತಿನ್ನಬೇಕು ಎಂಬುದು ಅವರ ಪಟ್ಟು.

1934ರ ಫೆಬ್ರವರಿಯಲ್ಲಿ, ಅಸ್ಪೃಶ್ಯತೆಯ ವಿರುದ್ಧದ ಪ್ರವಾಸದಲ್ಲಿ, ಕೊಡಗಿನಿಂದ ಸಂಪಾಜೆ, ಸುಳ್ಯ ದಾಟಿ ಪುತ್ತೂರಿಗೆ ಬಂದರು. ಬಸ್‌ನಿಲ್ದಾಣದ ಬಳಿಯ ಗಾಂಧಿಕಟ್ಟೆ ಅದರ ನೆನಪು. ಆಗ ಅವರಿಗೆ 64. ಆ ದಶಕದ ಚಿತ್ರಗಳಲ್ಲಿ ಮುಂದಿನ ಹಲ್ಲುಗಳ ಜಾಗ ಖಾಲಿಯಿದೆ. 1948ರಲ್ಲಿ ಹತ್ಯೆಯಾಗುವವರೆಗೂ ಆ ನಗುವನ್ನು ಅವರು ಮುಚ್ಚಿಡಲಿಲ್ಲ.

ಅವರ ಆಯ್ಕೆ ನಮಗೂ ಸರಿಯೇ?

ಈಗ ಮುಖ್ಯವಾಗಿ ಮೂರು ದಾರಿಗಳಿವೆ.

ಸೆಟ್ಟು: ಹಲವು ಹಲ್ಲು ಅಥವಾ ಎಲ್ಲವೂ ಹೋದವರಿಗೆ. ಖರ್ಚು ಕಡಿಮೆ. ಆದರೆ ಹಲ್ಲಿಲ್ಲದ ದವಡೆಯ ಮೂಳೆ ಕರಗುತ್ತಾ ಹೋಗುವುದರಿಂದ ವರ್ಷಗಳಲ್ಲಿ ಸಡಿಲವಾಗುತ್ತದೆ, ಸರಿಮಾಡಿಸಬೇಕು. ರಾತ್ರಿ ತೆಗೆದು, ಉಜ್ಜಿ ತೊಳೆದು, ತಣ್ಣೀರಿನಲ್ಲಿಡಬೇಕು. ಈ ವಿಷಯದಲ್ಲಿ ಗಾಂಧೀಜಿಯ ಅಭ್ಯಾಸದ ಅರ್ಧ ನಮಗೂ ಸರಿ.

ಬ್ರಿಡ್ಜ್: ಒಂದೆರಡು ಹಲ್ಲು ಹೋದಾಗ ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವುದು. ತೆಗೆದು ಹಾಕುವ ರಗಳೆಯಿಲ್ಲ. ಆದರೆ ಆಧಾರದ ಹಲ್ಲುಗಳು ಗಟ್ಟಿಯಿರಬೇಕು, ಅವನ್ನು ಸ್ವಲ್ಪ ಅರೆಯಬೇಕಾಗುತ್ತದೆ.

ಇಂಪ್ಲಾಂಟ್: ದವಡೆಯ ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಇದು ಗಾಂಧೀಜಿಗೆ ಸಿಗುವಂತಿರಲಿಲ್ಲ: ಸ್ವೀಡನ್ನಿನ ಬ್ರಾನೆಮಾರ್ಕ್ ಮೊದಲ ರೋಗಿಗೆ ಅದನ್ನು ಅಳವಡಿಸಿದ್ದು 1965ರಲ್ಲಿ. ಖರ್ಚು ಹೆಚ್ಚು, ಮೂಳೆ ಬೆಸೆಯಲು ತಿಂಗಳುಗಳು ಬೇಕು. ಪ್ರಾಯ ಅಡ್ಡಿಯಲ್ಲ, ಹಿಡಿತದಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಧೂಮಪಾನದಿಂದ ಅದು ವಿಫಲವಾಗುವ ಸಾಧ್ಯತೆ ಹೆಚ್ಚು. ಮೂಳೆ ಸವೆತಕ್ಕೆ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು.

ಏನೂ ಮಾಡಿಸದೆ ಬಿಟ್ಟರೆ? ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಎದುರಿನದು ಅತ್ತ ಜರಗುತ್ತದೆ. ಆಮೇಲೆ ಕಟ್ಟಿಸುವುದು ಇನ್ನೂ ಕಷ್ಟ. ಅಗಿಯಲಾಗದವರು ಕಾಳು, ಹಸಿ ತರಕಾರಿ ಬಿಡುತ್ತಾರೆ; ಊಟ ಬಡವಾಗುತ್ತದೆ.

ನಮ್ಮ ಕಡೆ ಇನ್ನೊಂದು ಎಚ್ಚರ ಬೇಕು. ಎಲೆಯಡಿಕೆ ಜಗಿಯುವವರ ಬಾಯಲ್ಲಿ ಬಿಳಿ ಮಚ್ಚೆಯಿದ್ದರೆ ಅಥವಾ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ, ಅದು ಸೆಟ್ಟು ತಾಗಿದ ಗಾಯವೆಂದು ಸುಮ್ಮನಿರಬೇಡಿ. ಸುಳ್ಯದಲ್ಲೇ ದಂತ ವೈದ್ಯಕೀಯ ಕಾಲೇಜಿದೆ, ತೋರಿಸಿ.

ನಮ್ಮ ತೀರ್ಮಾನ: ಗಾಂಧೀಜಿ ಹಲ್ಲು ಕಟ್ಟಿಸಿಕೊಳ್ಳಲಿಲ್ಲ ಎಂಬುದು ತಪ್ಪು. ಅವರು ಹಲ್ಲನ್ನು ಅಂದಕ್ಕಲ್ಲ, ಊಟಕ್ಕೆ ಕಟ್ಟಿಸಿಕೊಂಡಿದ್ದರು. ಅಜ್ಜಿಗೆ ಆ ನಗುವಿನ ಚಿತ್ರ ತೋರಿಸುವಾಗ ಇದನ್ನೂ ಹೇಳಿ.