ಎಲೆಯ ಬಾಯಾರಿಕೆಯನ್ನು ತೂಗಿದ ಪಾದ್ರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ಮಣ್ಣು ಹಿಡಿದಿಟ್ಟ ತೇವವೇ ಬಂಡವಾಳ. ಅದು ಎಲೆಗಳ ಮೂಲಕ ದಿನವೊಂದಕ್ಕೆ ಎಷ್ಟು ವೆಚ್ಚವಾಗುತ್ತದೆಂಬುದು ಬೆಳೆಯ ಅಳಿವು ಉಳಿವಿನ ಪ್ರಶ್ನೆ. ಈ ವೆಚ್ಚವನ್ನು ತಕ್ಕಡಿಗಿಟ್ಟು ನೋಡಿದವರಲ್ಲಿ ಅಗ್ರಗಣ್ಯನು ಸ್ಟೀಫನ್ ಹೇಲ್ಸ್.

ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ 1677ರಲ್ಲಿ ಜನಿಸಿದ ಈತನು ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿ, 1709ರಲ್ಲಿ ಥೇಮ್ಸ್ ನದಿಯ ದಡದ ಟೆಡಿಂಗ್ಟನ್ನಿಗೆ ಪಾದ್ರಿಯಾಗಿ ಬಂದನು. ಕೊನೆಯವರೆಗೂ ಆ ಊರನ್ನು ಬಿಡಲಿಲ್ಲ. 1718ರಲ್ಲಿ ರಾಯಲ್ ಸೊಸೈಟಿಯು ಆತನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

1724ರ ಬೇಸಗೆಯಲ್ಲಿ ಹೇಲ್ಸನು ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿಯೊಂದನ್ನು ಆರಿಸಿ, ಕುಂಡದ ಬಾಯನ್ನು ಸೀಸದ ತಗಡಿನಿಂದ ಮುಚ್ಚಿ, 15 ದಿನ ಬೆಳಗು ಬೈಗು ತೂಗಿದನು. ಕಡೆಗೆ ಗಿಡವನ್ನು ಕತ್ತರಿಸಿ, ಬರಿಯ ಕುಂಡದಿಂದಲೇ 12 ಗಂಟೆಗಳಲ್ಲಿ 2 ಔನ್ಸು ನೀರು ಆವಿಯಾಗುವುದನ್ನು ಕಂಡು, ಅದನ್ನು ಲೆಕ್ಕದಿಂದ ಕಳೆದನು. ಉಳಿದುದು ಗಿಡದ ವೆಚ್ಚ: ಹಗಲಿನ 12 ಗಂಟೆಗಳಿಗೆ ಸರಾಸರಿ 20 ಔನ್ಸು, ಬಿಸಿಲು ಕಾದ ಒಣ ದಿನದಲ್ಲಿ 30 ಔನ್ಸು. ಒಣ ಇರುಳಿನಲ್ಲಿ ಸುಮಾರು 3 ಔನ್ಸು ಮಾತ್ರ. ಇಬ್ಬನಿ ಬಿದ್ದ ಇರುಳಿನಲ್ಲಿ ವೆಚ್ಚವೇ ಇಲ್ಲ. ಹಿಂಗಾರಿ ಬೆಳೆಗೆ ಇಬ್ಬನಿಯೂ ಆಸರೆಯೆಂಬ ನಮ್ಮ ರೈತರ ನಂಬಿಕೆಗೆ ಇಲ್ಲೊಂದು ಅರ್ಥವಿದೆ: ಇಬ್ಬನಿಯು ನೀರುಣಿಸುವುದಕ್ಕಿಂತ ಹೆಚ್ಚಾಗಿ ಇದ್ದ ನೀರನ್ನು ಉಳಿಸಿಕೊಡುತ್ತದೆ.

ಈ ಪ್ರಯೋಗಗಳು 1727ರಲ್ಲಿ ‘ವೆಜಿಟೆಬಲ್ ಸ್ಟ್ಯಾಟಿಕ್ಸ್’ ಎಂಬ ಗ್ರಂಥವಾಗಿ ಹೊರಬಂದವು. ಅದರ ಮುದ್ರಣಕ್ಕೆ ಸೊಸೈಟಿಯ ಅಧ್ಯಕ್ಷನಾಗಿ ಅನುಮತಿಯಿತ್ತವನು, ಮರಣಕ್ಕೆ ತಿಂಗಳಷ್ಟೇ ಉಳಿದಿದ್ದ ನ್ಯೂಟನ್. ಅದಕ್ಕೂ ಮೊದಲೇ ಹೇಲ್ಸನು ಪ್ರಾಣಿಗಳ ರಕ್ತದೊತ್ತಡವನ್ನೂ ಅಳೆದಿದ್ದನು. ಆ ಪ್ರಯೋಗಗಳ ಕ್ರೌರ್ಯವನ್ನು ನೆರೆಯೂರಿನ ಕವಿ ಪೋಪ್ ಒಪ್ಪಲಿಲ್ಲ, ಆದರೂ ಸ್ನೇಹ ಕೆಡಲಿಲ್ಲ. ಹಡಗು, ಸೆರೆಮನೆಗಳಿಗೆ ಶುದ್ಧ ಗಾಳಿ ಒದಗಿಸುವ ಯಂತ್ರಗಳನ್ನು ರಚಿಸಿದ ಈ ಪಾದ್ರಿಯು 1761ರಲ್ಲಿ ಟೆಡಿಂಗ್ಟನ್ನಿನಲ್ಲೇ ತೀರಿಕೊಂಡನು.

ಹೇಲ್ಸನ ತಕ್ಕಡಿ ಹೋದ ನೀರನ್ನು ಹೇಳಿತು; ಎಲೆಯು ಎಷ್ಟು ಬಾಯಾರಿದೆಯೆಂಬುದನ್ನು ಹೇಳಲಿಲ್ಲ. ಅದಕ್ಕೆ ಶೋಲಾಂಡರ್ ಮತ್ತು ಸಂಗಡಿಗರು 1965ರಲ್ಲಿ ಬೇರೊಂದು ದಾರಿ ತೋರಿದರು. ಕಿತ್ತ ಎಲೆಯನ್ನು ಭದ್ರವಾದ ಪಾತ್ರೆಯಲ್ಲಿಟ್ಟು, ಹೊರಚಾಚಿದ ತೊಟ್ಟಿನ ತುದಿಯಲ್ಲಿ ರಸ ಕಾಣುವವರೆಗೆ ಅನಿಲದ ಒತ್ತಡವನ್ನು ಏರಿಸುವುದು. ಒತ್ತಡ ಹೆಚ್ಚು ಬೇಕಾದಷ್ಟೂ ಬಾಯಾರಿಕೆ ಹೆಚ್ಚು.

ಆದರೆ ಅಳೆದ ಹೊತ್ತನ್ನು ಮರೆತರೆ ಅಳತೆ ದಾರಿ ತಪ್ಪಿಸುತ್ತದೆ. ನಡುಹಗಲಿನ ಅಳತೆಯಲ್ಲಿ ಬಿಸಿಲಿನ ಪಾಲು ಬೆರೆತಿರುತ್ತದೆ. ಬೆಳಕು ಹರಿಯುವ ಮುನ್ನಿನ ಅಳತೆಯೇ ಬೇರಿನ ಬಳಿಯ ತೇವಕ್ಕೆ ಸಾಕ್ಷಿ. ಮಧ್ಯಾಹ್ನ ಸುರುಳಿಗೊಂಡ ಜೋಳದ ಎಲೆ ಬೆಳಗಿಗೆ ಬಿಚ್ಚಿಕೊಂಡರೆ ನೆಲದಲ್ಲಿ ಇನ್ನೂ ತೇವವುಂಟು. ಬೆಳಗಿನಲ್ಲೂ ಬಿಚ್ಚದಿದ್ದರೆ ಬಂಡವಾಳ ಮುಗಿಯುತ್ತ ಬಂದಿದೆ. ಬಾವಿಯ ನೀರು ಕೊಂಚವೇ ಇರುವ ಸೀಮೆಯಲ್ಲಿ, ಅದನ್ನು ಯಾವ ದಿನ ಬಿಡಬೇಕೆಂಬ ನಿರ್ಧಾರ ಈ ಭೇದವನ್ನು ಅರಿಯುವುದರಲ್ಲಿದೆ.