ದಲಾಲ ದಿವಾಳಿ, ದತ್ತಿ ಭದ್ರ

ಸೊಲ್ಲಾಪುರ, ಬೆಳಗಾವಿ, ಧಾರವಾಡ ಕಡೆಯ ನಮ್ಮ ಹಿರಿಯರು ಬಿ.ಎ. ಪಾಸಾದರೆಂದರೆ, 1940ರ ದಶಕದ ಕೊನೆಯ ತನಕ ಆ ಪದವಿ ಸಾಮಾನ್ಯವಾಗಿ ಮುಂಬಯಿ ವಿಶ್ವವಿದ್ಯಾಲಯದ್ದೇ. ಅಲ್ಲಿನ ರಾಜಾಬಾಯಿ ಗೋಪುರವನ್ನು ನೋಡಿದವರು ನಮ್ಮಲ್ಲಿ ಬಹಳ ಮಂದಿ. ಅದಕ್ಕೆ ದುಡ್ಡು ಕೊಟ್ಟ ಪ್ರೇಮಚಂದ ರಾಯಚಂದರ ಹೆಸರು ಬಲ್ಲವರು ಕಡಿಮೆ.

1831ರಲ್ಲಿ ಸೂರತ್ತಿನ ಜೈನ ಮನೆತನದಲ್ಲಿ ಹುಟ್ಟಿದ ಪ್ರೇಮಚಂದರು ಮುಂಬಯಿಯಲ್ಲಿ ಇಂಗ್ಲಿಷ್ ಕಲಿತು ಷೇರು ದಲಾಲಿಗಿಳಿದರು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಗಿ ಈ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಹಾಗೆ ಬಂದ ಹಣವೆಲ್ಲ ಮುಂಬಯಿಯ ಹೊಸ ಹೊಸ ಕಂಪನಿಗಳ ಷೇರಿಗೆ ಸುರಿಯಿತು. ಸಮುದ್ರ ತುಂಬಿ ನೆಲ ಮಾಡ್ತೀವಿ ಅನ್ನುವ ಕಂಪನಿಗಳೂ ಎದ್ದವು. ಆ ಪೇಟೆಯಲ್ಲಿ ಪ್ರೇಮಚಂದರು ಹೇಳಿದ್ದೇ ಮಾತು.

ಆ ಭರಾಟೆಯಲ್ಲೇ, 1864ರಲ್ಲಿ, ಅವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ, ಗೋಪುರಕ್ಕೆ ಇನ್ನೂ 2 ಲಕ್ಷ ರೂಪಾಯಿ ಕೊಟ್ಟರು. ಗೋಪುರಕ್ಕೆ ಬಂದದ್ದು ತಾಯಿಯ ಹೆಸರು, ಅವರದಲ್ಲ.

1865ರಲ್ಲಿ ಯುದ್ಧ ಮುಗಿಯಿತು. ಹತ್ತಿ ಬೆಲೆ ಬಿತ್ತು, ಷೇರುಗಳು ರದ್ದಿ ಕಾಗದವಾದವು. ಷೇರುಗಳ ಮೇಲೆ ಸಾಲ ಕೊಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಮುಳುಗಿತು. ಎಷ್ಟೋ ಮನೆಗಳು ಹಾಳಾದವು. ಆ ಸಾಲಗಳ ಹಿಂದೆ ಪ್ರೇಮಚಂದರ ಕೈಯೂ ಇತ್ತು. ದಾನಿ ಅಂತ ಇದನ್ನು ಮುಚ್ಚಿಡಬೇಕಿಲ್ಲ. ಅವರೂ ದಿವಾಳಿಯಾದರು.

ವಿಶ್ವವಿದ್ಯಾಲಯಕ್ಕೆ ಕೊಟ್ಟ ಹಣ ಮಾತ್ರ ಉಳಿಯಿತು. ಕೊಟ್ಟಾಗಿತ್ತು, ಅದು ಇನ್ನು ಅವರ ಆಸ್ತಿಯಲ್ಲ. ಬಾಯಿಮಾತಿನಲ್ಲೇ ನಿಂತಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲವಲ್ಲ? ವಿಶ್ವವಿದ್ಯಾಲಯವೂ ಗಡಿಬಿಡಿ ಮಾಡಲಿಲ್ಲ. ಗೋಪುರದ ಅಡಿಗಲ್ಲು ಬಿದ್ದದ್ದು 1869ರಲ್ಲಿ, ಕೆಲಸ ಮುಗಿದದ್ದು 1878ರಲ್ಲಿ. ನಕ್ಷೆ ಲಂಡನ್ನಿನ ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅವರದು. ಎತ್ತರ 280 ಅಡಿ.

ನನಗೆ ಇದಕ್ಕಿಂತ ಹಿಡಿಸಿದ್ದು 1866ರಲ್ಲಿ ಅವರ ಹೆಸರಿನಲ್ಲಿ ಕಲಕತ್ತೆಯಲ್ಲಿ ಶುರುವಾದ ದತ್ತಿ. ಅಲ್ಲಿಯ ವಿಶ್ವವಿದ್ಯಾಲಯಕ್ಕೂ 2 ಲಕ್ಷ ರೂಪಾಯಿ ಹೋಗಿತ್ತು. ಅಲ್ಲಿ ಕಟ್ಟಡವಿಲ್ಲ, ಗಡಿಯಾರವಿಲ್ಲ. ಗಂಟಿಗೆ ಕೈ ಹಚ್ಚದೆ, ಬರುವ ಬಡ್ಡಿಯಲ್ಲಿ ಜಾಣ ಪದವೀಧರರಿಗೆ ವಿದ್ಯಾರ್ಥಿವೇತನ. ಮುಂದೆ ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿ ಹೆಸರಾದ ಅಶುತೋಷ್ ಮುಖರ್ಜಿ ಕೂಡ ಅದನ್ನು ಪಡೆದವರೇ. ಪಡೆದವರು ಹೆಸರಿನ ಮುಂದೆ ಪಿ.ಆರ್.ಎಸ್. ಅಂತ ಹಚ್ಚಿಕೊಳ್ಳೋರು. ಪ್ರೇಮಚಂದರು 1906ರಲ್ಲಿ ತೀರಿಕೊಂಡ ಮೇಲೂ ಆ ಮೂರಕ್ಷರ ಬಂಗಾಳದ ವಿದ್ವಾಂಸರ ಪುಸ್ತಕಗಳ ಮೇಲೆ ಅಚ್ಚಾಗುತ್ತಲೇ ಇದ್ದವು.