ಪರಮವೀರ ಅಬ್ದುಲ್ ಹಮೀದ್ : ಒಂದು ನೆನಪು



ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಬೆಳೆಸಾಲ, ಗೊಬ್ಬರ, ಷೇರು ಬಂಡವಾಳದ ಮಾತಿನ ನಡುವೆ ಒಬ್ಬ ಸೈನಿಕನ ಕಥೆ ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಇವರೂ ನಮ್ಮ ಹಾಗೆ ಹಳ್ಳಿಯವರೇ. ಸೈನ್ಯದಲ್ಲಿ ಇವರ ಪಾಲಿಗೆ ಬಂದಿದ್ದ ಹುದ್ದೆಯೂ ಉಗ್ರಾಣದ ಲೆಕ್ಕ ನೋಡುವುದೇ ಆಗಿತ್ತು.

ಅಬ್ದುಲ್ ಹಮೀದರು ಹುಟ್ಟಿದ್ದು 1933ರ ಜುಲೈ 1ರಂದು, ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮೂಪುರದಲ್ಲಿ. ತಂದೆ ಮಹಮದ್ ಉಸ್ಮಾನರು ಊರಿನ ದರ್ಜಿ. ಹುಡುಗನೂ ತಂದೆಯ ಜೊತೆ ಕೂತು ಬಟ್ಟೆ ಹೊಲಿದದ್ದುಂಟು. ಆದರೆ ಮನಸ್ಸೆಲ್ಲಾ ಸೈನ್ಯದ ಕಡೆಗೇ. 1954ರ ಡಿಸೆಂಬರ್‌ನಲ್ಲಿ ಗ್ರೆನೇಡಿಯರ್ಸ್ ರೆಜಿಮೆಂಟ್ ಸೇರಿದರು. 1962ರ ಚೀನಾ ಯುದ್ಧವನ್ನೂ ಕಂಡರು. ಟ್ಯಾಂಕ್ ಒಡೆಯುವ 106 ಮಿಲಿಮೀಟರ್ ಫಿರಂಗಿಯಲ್ಲಿ ಅವರ ಗುರಿ ಪಲ್ಟನ್ನಿನಲ್ಲೇ ಹೆಸರುವಾಸಿ. ಮುಂದೆ ಕಂಪನಿ ಕ್ವಾರ್ಟರ್‌ಮಾಸ್ಟರ್ ಹವಲ್ದಾರ್ ಆದರು. ಎಂದರೆ ರೇಷನ್ನು, ಬಟ್ಟೆಬರೆ, ಸಾಮಾನುಗಳ ಜವಾಬ್ದಾರಿ.

1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಪಂಜಾಬಿನ ಖೇಮಕರಣದ ಕಡೆಯಿಂದ ನುಗ್ಗಿ ಬಂದವು. ಅಮೆರಿಕದಲ್ಲಿ ತಯಾರಾದ ಆ ಟ್ಯಾಂಕುಗಳನ್ನು ತಡೆಯುವುದು ಕಷ್ಟ ಎಂಬ ಮಾತಿತ್ತು. ಹಮೀದರ 4ನೇ ಗ್ರೆನೇಡಿಯರ್ಸ್ ಪಲ್ಟನ್ನು ಅಸಲ್ ಉತ್ತರ್, ಚೀಮಾ ಗ್ರಾಮಗಳ ಹತ್ತಿರ ಕಬ್ಬಿನ ಗದ್ದೆಗಳ ನಡುವೆ ಹಳ್ಳ ತೋಡಿ ಕೂತಿತು. ಫಿರಂಗಿ ತುಕಡಿಯನ್ನು ನಡೆಸಬೇಕಾದವರು ಆಗ ಹಾಜರಿರಲಿಲ್ಲ. ಆ ಹೊಣೆ ಹಮೀದರ ಹೆಗಲಿಗೆ ಬಂತು. ಲೆಕ್ಕದ ಪುಸ್ತಕ ಬದಿಗಿಟ್ಟು ಜೀಪು ಹತ್ತಿದರು.

ಜೀಪಿನ ಮೇಲೆ ಕೂರಿಸಿದ ಈ ಫಿರಂಗಿಗೆ ಉಕ್ಕಿನ ಕವಚ ಇಲ್ಲ. ಹೊಡೆದ ಕೂಡಲೇ ಹಿಂದಿನಿಂದ ಬೆಂಕಿ, ಧೂಳು ಎದ್ದು ಇರುವ ಜಾಗ ಶತ್ರುವಿಗೆ ಗೊತ್ತಾಗಿಬಿಡುತ್ತದೆ. ಒಂದು ಏಟು ಹೊಡೆಯಬೇಕು, ತಕ್ಷಣ ಜಾಗ ಬದಲಿಸಬೇಕು. ಎತ್ತರಕ್ಕೆ ಬೆಳೆದ ಕಬ್ಬೇ ಅವರಿಗೆ ಮರೆ. ಸೆಪ್ಟೆಂಬರ್ 8ರಿಂದಲೇ ಹಮೀದರು ಹೀಗೆ ಟ್ಯಾಂಕುಗಳನ್ನು ಹತ್ತಿರಕ್ಕೆ ಬಿಟ್ಟುಕೊಂಡು ಹೊಡೆದರು.

10ನೇ ತಾರೀಖು ಬೆಳಿಗ್ಗೆ ಟ್ಯಾಂಕುಗಳ ದೊಡ್ಡ ಹಿಂಡೇ ಬಂತು. ಹಮೀದರು ಪಕ್ಕದಿಂದ ಹೋಗಿ ಮುಂದಿದ್ದ ಟ್ಯಾಂಕನ್ನು ಒಡೆದರು. ಜಾಗ ಬದಲಿಸಿ ಇನ್ನೊಂದನ್ನು ಒಡೆದರು. ಅಷ್ಟರಲ್ಲಿ ಶತ್ರುಗಳು ಜೀಪನ್ನು ಗುರುತಿಸಿ ಗುಂಡಿನ ಮಳೆ ಸುರಿಸಿದರು. ಹಿಂದೆ ಸರಿಯಬಹುದಿತ್ತು, ಸರಿಯಲಿಲ್ಲ. ಮತ್ತೊಂದು ಟ್ಯಾಂಕಿಗೆ ಗುರಿ ಹಿಡಿದಿದ್ದಾಗಲೇ ಶೆಲ್ ಬಡಿದು ವೀರಮರಣ ಅಪ್ಪಿದರು. ಆಗ ಅವರಿಗೆ ವಯಸ್ಸು 32.

ಅವರು ಹಿಡಿದ ಜಾಗವನ್ನು ಪಲ್ಟನ್ನು ಬಿಟ್ಟುಕೊಡಲಿಲ್ಲ. ನಮ್ಮವರು ನೀರು ನುಗ್ಗಿಸಿದ್ದ ಗದ್ದೆಗಳ ಕೆಸರಿನಲ್ಲಿ ಎಷ್ಟೋ ಪ್ಯಾಟನ್‌ಗಳು ಹೂತುಹೋದವು. ಸಿಕ್ಕ ಟ್ಯಾಂಕುಗಳನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ ಪ್ಯಾಟನ್ ನಗರ ಅಂತಲೇ ಕರೆದರು.

ಸರ್ಕಾರ ಹಮೀದರಿಗೆ ಪರಮವೀರ ಚಕ್ರ ಘೋಷಿಸಿತು. 1966ರ ಗಣರಾಜ್ಯೋತ್ಸವದಂದು ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಪತ್ನಿ ರಸೂಲನ್ ಬೀಬಿ ಅದನ್ನು ಪಡೆದರು. 2000ದಲ್ಲಿ ಹಮೀದರ ಅಂಚೆ ಚೀಟಿ ಬಂತು. ಆ ತಾಯಿ 2019ರವರೆಗೆ, ಐವತ್ತಕ್ಕೂ ಹೆಚ್ಚು ವರ್ಷ, ಗಂಡನ ನೆನಪಿನಲ್ಲೇ ಬಾಳಿದರು. ಪದಕ ಎದೆಗೆ ಹೆಮ್ಮೆ ನಿಜ, ಆದರೆ ಮನೆಯ ಯಜಮಾನನನ್ನು ಅದು ವಾಪಸ್ಸು ತರುವುದಿಲ್ಲ. ಇದನ್ನೂ ನಾವು ಮರೆಯಬಾರದು.

ಜವಾನನಿಗೂ ಕಿಸಾನನಿಗೂ ಒಟ್ಟಿಗೆ ಜಯಕಾರ ಹಾಕಿಸಿದವರು ಆಗಿನ ಪ್ರಧಾನಿ ಶಾಸ್ತ್ರೀಜಿಯವರು. ರೈತ ಬೆಳೆದ ಕಬ್ಬಿನ ಮರೆಯಲ್ಲೇ ಹಮೀದರು ದೇಶ ಕಾದರು. ನನ್ನ ಹುದ್ದೆ ಇಷ್ಟೇ ಅನ್ನದೆ, ಬಂದ ಹೊಣೆಯನ್ನು ಕೊನೇ ಉಸಿರಿನವರೆಗೆ ಹೊತ್ತರು. ಆ ವೀರನಿಗೆ ನಮ್ಮ ಸಂಘದ ಪರವಾಗಿ ಅನಂತ ನಮನಗಳು.